ಪುಟ್ಟಿಯ ಕೆಳಗೆ

ಉಳಿ ತಾಗಿದ್ದೇ ತಡ, ಮಡ್‌ಗಾರ್ಡಿನ ನೀಲಿ ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಅದರ ಹಿಂದೆಯೇ ಒಂದು ಹಿಡಿ ತುಕ್ಕು ನೆಲಕ್ಕೆ ಸುರಿಯಿತು.

“ಅಯ್ಯೋ, ಇಷ್ಟೊಂದಾ!” ಎಂದರು ಟೇಲರಮ್ಮ. ಕಾರು ಅವರದು. ಎಷ್ಟೋ ಕೈ ದಾಟಿ ಹೋದ ತಿಂಗಳಷ್ಟೇ ಅವರ ಪಾಲಿಗೆ ಬಂದಿತ್ತು.

“ಗಾಡಿಗಿಂತ ತುಕ್ಕೇ ಜಾಸ್ತಿ ಇದೆಯಮ್ಮ. ಪೂರ್ತಿ ತೆಗೆದ್ರೆ ಸ್ಟೇರಿಂಗ್ ಒಂದನ್ನ ಕೈಲಿ ಹಿಡ್ಕೊಂಡು ಮನೆಗೆ ನಡೀಬೇಕಾಗುತ್ತೆ,” ಎಂದ ಮೇಸ್ತ್ರಿ, ತಲೆ ಎತ್ತದೆ.

“ಅಂದಚಂದ ಬೇಡಪ್ಪ, ತೂತು ಮುಚ್ಚಿದ್ರೆ ಸಾಕು. ಬೇರೆ ಕಡೆ ಹೇಳಿದ ರೇಟಿಗೆ ಇನ್ನೊಂದು ಗಾಡೀನೇ ಬರುತ್ತೆ.”

“ಹಳೇ ಫ್ರಿಜ್ಜಿನ ಬಾಗಿಲಿಂದ ತಗಡು ಕತ್ತರಿಸಿ ಹಾಕ್ತೀನಿ. ಮೇಲೆ ತುಕ್ಕು ಹಿಡೀದಿರೋ ಹಾಗೆ ರೆಡ್ ಆಕ್ಸೈಡ್. ಬಣ್ಣ ಅಷ್ಟು ಜಾಗಕ್ಕೆ ಮಾತ್ರ. ಸಾಮಾನಿಗೆ ಆಗೋದು ಕೊಡಿ, ಕೂಲಿ ಬೇಡ.”

“ಕೂಲಿ ಬೇಡ್ವಾ? ಜನ ಹೇಳಿದ್ದು ನಿಜ ಹಾಗಾದ್ರೆ.”

ಜನ ಹೇಳುತ್ತಿದ್ದುದು ಇಷ್ಟೇ: ಹಳೆಯ ನೀಲಿ ಕಾರಾದರೆ ಮೇಸ್ತ್ರಿ ಕೂಲಿ ಕೇಳುವುದಿಲ್ಲ, ಅವನಿಗೆ ಅರೆಮರುಳು. ಯಾಕೆಂದು ಗೊತ್ತಿದ್ದವರು ಮಾತ್ರ ನಗುತ್ತಿರಲಿಲ್ಲ.

ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅವನ ಮಗಳು ಸೈಕಲ್ಲಿನಲ್ಲಿ ಶಾಲೆಗೆ ಹೊರಟಿದ್ದಳು. ರಸ್ತೆಯ ತಿರುವಿನಲ್ಲಿ ನೀಲಿ ಕಾರೊಂದು ಅವಳನ್ನು ಹೊಡೆದು, ನಿಲ್ಲದೆ ಹೋಯಿತು. ಯಾರ ಮಗುವೆಂದು ಗುರುತು ಹತ್ತಿ ಸುದ್ದಿ ಶೆಡ್ಡಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅವನು ಇದ್ದ ಹಾಗೆಯೇ ಆಸ್ಪತ್ರೆಗೆ ಓಡಿದ. ಅಲ್ಲಿಂದಾಚೆಯದೆಲ್ಲ ನೆನಪಿದೆ. ಆ ಬೆಳಗು ಮಾತ್ರ ತಲೆಯಿಂದ ಒರೆಸಿಹೋಗಿದೆ. ಪೊಲೀಸರು ಊರಿನ ಶೆಡ್ಡುಗಳನ್ನೆಲ್ಲ ಹೊಕ್ಕು ವಿಚಾರಿಸಿದರು, ಇದೊಂದನ್ನು ಬಿಟ್ಟು. ಹೆತ್ತವನನ್ನು ಏನೆಂದು ಕೇಳುವುದು?

ಕಾರು ಸಿಗಲಿಲ್ಲ. ಅಂದಿನಿಂದ ಅವನು ಹಳೆಯ ನೀಲಿ ಬಣ್ಣಗಳನ್ನು ಕೆರೆಯುತ್ತ ಕೂತಿದ್ದಾನೆ. ಹೊಡೆದ ಗಾಡಿಯ ಮೈಮೇಲೆ ಎಲ್ಲೋ ಒಂದು ಕಡೆ ಗುರುತು ಉಳಿದೇ ಇರುತ್ತದೆ ಎಂದು ಅವನು ನಂಬಿದ್ದ. ಈಚೆಗೆ ಆ ನಂಬಿಕೆಯೂ ಅಂಚಿನಿಂದ ಉದುರತೊಡಗಿತ್ತು.

ಹೆಂಡತಿ ಊಟದ ಡಬ್ಬಿ ತಂದು ಬೆಂಚಿನ ಮೇಲಿಟ್ಟಳು. ಶೆಡ್ಡಿನಲ್ಲಿ ನೀಲಿ ಕಾರು ನಿಂತಿದ್ದರೆ ಅವಳು ಅತ್ತ ಕಣ್ಣು ಹಾಯಿಸುತ್ತಿರಲಿಲ್ಲ.

“ಇದೂ ಅಲ್ಲ ಬಿಡಿ. ಊಟ ಮಾಡಿ ಬನ್ನಿ.”

“ನೋಡದೇನೇ ಹೇಗೆ ಹೇಳ್ತೀಯ?”

“ಸಾಕು ಮಾಡಿ ಅಂತ ಎಷ್ಟು ಸಲ ಬೇಡ್ಕೊಂಡಿದ್ದೀನಿ. ಸಿಕ್ಕಿದ್ರೆ ಅವಳು ಎದ್ದು ಬರ್ತಾಳಾ?”

ಅವನು ಮತ್ತೆ ಗಾಡಿಯತ್ತ ಬಾಗಿದ. ತುಕ್ಕಿನ ಅಂಚಿಗೆ ಉಳಿ ಕೊಟ್ಟು ಮೀಟಿದ. ತಗ್ಗು ಮುಚ್ಚಲು ಮೆತ್ತಿದ್ದ ಬೂದು ಬಣ್ಣದ ಪುಟ್ಟಿ ಹಕ್ಕಳೆ ಹಕ್ಕಳೆಯಾಗಿ ಕಳಚಿತು.

“ಯಾವ ಕಸಬುಗೇಡಿ ಮಾಡಿದ ಕೆಲಸಾನೋ ಇದು! ಪ್ರೈಮರ್ ಇಲ್ಲ, ಏನಿಲ್ಲ. ಬರೀ ತಗಡಿನ ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿದ್ದಾನೆ. ನೀರು ಕುಡಿದು ತುಕ್ಕು ಹಿಡೀದೆ ಇನ್ನೇನು?”

“ಅವಸರ ಇತ್ತೇನೋ,” ಎಂದಳು ಹೆಂಡತಿ.

“ಇಂಥವರಿಂದಲೇ ನಮ್ಮ ಕಸಬಿನ ಮಾನ ಹೋಗೋದು.”

ದೊಡ್ಡ ತುಂಡೊಂದು ಬಿತ್ತು. ಅದರ ಹಿಂದೆ ತಗಡು ಮುದುಡಿತ್ತು. ಯಾರೋ ಒಳಗಿನಿಂದ ಬಡಿದು ಅರ್ಧಂಬರ್ಧ ನೆಟ್ಟಗೆ ಮಾಡಿದ್ದರು. ಮಡಿಕೆಯ ಸಂದಿಯಲ್ಲಿ ಕೂದಲೆಳೆಯಷ್ಟು ಹಳದಿ.

ಅವನ ಕೈ ನಿಂತಿತು. ಬಟ್ಟೆಯನ್ನು ತಿನ್ನರಿನಲ್ಲಿ ಅದ್ದಿ ಸುತ್ತಲಿನ ಧೂಳು ಒರೆಸಿದ. ಹಳದಿ ಇನ್ನಷ್ಟು ಹೊಳೆಯಿತು. ಅದು ಅಂಗಡಿಯಲ್ಲಿ ಸಿಗುವ ಹಳದಿಯಲ್ಲ. ಮಗಳು ಹಟ ಹಿಡಿದಳೆಂದು ಉಳಿದ ಬಣ್ಣಕ್ಕೆ ತೊಟ್ಟು ಕೆಂಪು ಬೆರೆಸಿ, ಸೈಕಲ್ಲಿಗೆಂದು ಅವನೇ ಕಲಸಿದ ಬಣ್ಣ.

“ಸಿಕ್ತು ಕಣೇ,” ಎಂದ.

ಹೆಂಡತಿ ಡಬ್ಬಿಯ ಮುಚ್ಚಳವನ್ನು ಮತ್ತೆ ಮುಚ್ಚಿದಳು.

“ಅಮ್ಮಾ, ಈ ಗಾಡಿ ಮೊದಲು ಯಾರದು? ಹೇಳಿ, ಯಾರದು?”

ಟೇಲರಮ್ಮ ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು. “ಗಾಡಿ ಯಾರದಾದ್ರೇನು? ಈ ಮಡ್‌ಗಾರ್ಡ್ ಇದರದ್ದೇ ಅಲ್ಲವಂತಪ್ಪ. ಹಿಂದಿನವರು ಗುಜರಿ ರಾಶಿಯಿಂದ ಆರಿಸಿ ತಂದು ಕೂರಿಸಿದ್ದು. ಬಣ್ಣ ಹೊಂದಿತು ಅಂತ.”

ಅವನು ನೆಲದ ಮೇಲೆ ಕುಸಿದು ಕೂತ. ಗುಜರಿ ರಾಶಿಗೆ ಅಪ್ಪ ಅಮ್ಮ ಇರುವುದಿಲ್ಲ. ಆಮೇಲೆ ಅವನು ಪುಟ್ಟಿಯ ತುಂಡೊಂದನ್ನು ಎತ್ತಿಕೊಂಡು ಮುಷ್ಟಿಯಲ್ಲಿ ಹಿಸುಕಿದ.

“ಇನ್ನೊಬ್ಬ ಇದ್ದಾನೆ. ಇದನ್ನ ಮೆತ್ತಿದವನು. ಆ ಕೊಲೆಗಾರ ಇವನ ಮುಂದೆ ನಿಂತು ಮಾತಾಡಿದ್ದಾನೆ. ಇವನು ಅವನ ಮುಖ ನೋಡಿದ್ದಾನೆ. ಈ ಹಳದಿ ಇವನ ಕಣ್ಣಿಗೆ ಬೀಳದೇ ಇರುತ್ತಾ? ಎಲ್ಲಾ ಶೆಡ್ಡೂ ಜಾಲಾಡ್ತೀನಿ. ಕುತ್ತಿಗೆ ಹಿಡಿದು ಕೇಳ್ತೀನಿ, ಮುಖ ಹೇಳೋ ಅಂತ.”

“ಅವನಿಗೆ ನೆನಪಿಲ್ಲ ರೀ,” ಎಂದಳು ಹೆಂಡತಿ.

“ನಿನಗೇನು ಗೊತ್ತು?”

ಅವಳು ಅವನ ಪಕ್ಕದಲ್ಲಿ ಕೂತಳು. ಸೆರಗಿನ ತುದಿಯಿಂದ ಅವನ ಬೆರಳುಗಳ ಪುಟ್ಟಿಯ ಪುಡಿಯನ್ನು ಒಂದೊಂದಾಗಿ ಒರೆಸತೊಡಗಿದಳು.

“ಅವತ್ತು ಆಸ್ಪತ್ರೆಯ ನಲ್ಲಿ ಕೆಳಗೆ ನಿಮ್ಮ ಕೈ ತೊಳೆದವಳು ನಾನು. ಪುಟ್ಟಿ ಇನ್ನೂ ಹಸಿ ಇತ್ತು, ಉಗುರಿನ ತುಂಬ ಇದೇ ನೀಲಿ.”