ಮುಚ್ಚಿದ ಲಕೋಟೆ

ಇಪ್ಪತ್ತು ವರ್ಷ ಓಂಕಾರಣ್ಣನ ಬಾವುಟ ಕಟ್ಟಿದವನು ತಿಪ್ಪೇಶಿ. ನಗರಸಭೆ ಸದಸ್ಯನಾಗಿದ್ದ ಅಣ್ಣ ಶಾಸಕನಾದ ದಿನ ಎಲ್ಲರೆದುರೇ ಇವನ ಹೆಗಲ ಮೇಲೆ ಕೈಯಿಟ್ಟು, "ಇನ್ಮೇಲೆ ನಮ್ಮ ವಾರ್ಡು ನಿಂದೇ ಕಣಲೇ" ಅಂದಿದ್ದ.

ನಗರಸಭೆ ಚುನಾವಣೆ ಹತ್ತಿರವಾದಾಗ ಮುಚ್ಚಿದ ಲಕೋಟೆಯೊಂದನ್ನು ಕೊಟ್ಟು, "ಬೆಂಗಳೂರಿಗೆ ಹೋಗಿ ಮಂತ್ರಿಗಳ ಕೈಗೇ ಕೊಡು. ಬೇರೆ ಯಾರನ್ನೂ ನಂಬಲ್ಲ ನಾನು" ಎಂದ. ತನ್ನ ಟಿಕೆಟ್ಟಿನ ಶಿಫಾರಸೇ ಇರಬೇಕೆಂದು ತಿಪ್ಪೇಶಿ ಅದನ್ನು ದಾರಿಯುದ್ದಕ್ಕೂ ಅಂಗಿಯೊಳಗೆ ಎದೆಗವಚಿಕೊಂಡು ಹೋಗಿ ತಲುಪಿಸಿದ. ಊರಿಗೆ ಬಂದವನೇ ಎರಡು ಬಿಳಿ ಜುಬ್ಬಾ ಹೊಲಿಸಲು ಕೊಟ್ಟ.

ತಿಂಗಳೊಳಗೆ ಮೀಸಲಾತಿ ಪಟ್ಟಿ ಬಂತು. ಅವರ ವಾರ್ಡು ಮಹಿಳೆಗೆ ಮೀಸಲಾಗಿತ್ತು.

"ಹೋಗ್ಲಿ ಬಿಡಣ್ಣ," ತಿಪ್ಪೇಶಿ ಸಾವರಿಸಿಕೊಂಡ. "ನಮ್ಮನೆಯಾಕೆ ನಿಲ್ತಾಳೆ."

ಓಂಕಾರಣ್ಣ ಮೇಜಿನ ಮೇಲಿದ್ದ ನಾಮಪತ್ರವನ್ನು ಮುಂದೆ ತಳ್ಳಿದ. ಅದರಲ್ಲಿ ಆಗಲೇ ಓಂಕಾರಣ್ಣನ ಹೆಂಡತಿಯ ಹೆಸರಿತ್ತು.

"ಸೂಚಕರ ಜಾಗ ನಿಂಗೇ ಅಂತ ಬಿಟ್ಟೀನಿ. ಸೈನ್ ಹಾಕು."

"ಈ ಸಲ ಸಾಮಾನ್ಯಕ್ಕೆ ಬರ್ಬೇಕಿತ್ತಲ್ಲಣ್ಣ ನಮ್ಮ ವಾರ್ಡು? ಯಾರು ತಪ್ಪಿಸಿದ್ರು?"

ಓಂಕಾರಣ್ಣ ಪೆನ್ನಿನ ಮುಚ್ಚಳ ತೆಗೆದು ಅವನ ಕೈಗಿಟ್ಟ.

"ಆ ಲಕೋಟೆ ಕೊಟ್ಟು ಬಂದಿದ್ದು ನೀನೇ ಅಲ್ವೇನೋ?"