ಕೊಡಲಿ ಸುಮ್ಮನಾದ ಮೇಲೆ

ಸೌದೆ ಒಡೆಯುತ್ತಿದ್ದವಳು ಹೆಂಡತಿ. ಅಂಗಡಿಯವನು ಮಾತ್ರ ವಿವರಗಳನ್ನೆಲ್ಲ ಗಂಡನಿಗೇ ಒಪ್ಪಿಸುತ್ತಿದ್ದ. ಅಂಗಡಿಯ ಹಿಂದಿನ ಅಂಗಳದಲ್ಲಿ ಸೌದೆ ಸೀಳುವ ಮಷೀನುಗಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದರ ಬೆನ್ನು ತಟ್ಟುತ್ತ, “ಯಜಮಾನರೇ, ಇದು ಪೆಟ್ರೋಲಿಂದು, ಆನೆಬಲ. ಇದು ಕರೆಂಟಿಂದು. ಇದಕ್ಕೆ ಎರಡೂ ಬೇಡ, ಜಾಕಿ ಥರ ಕೈಯಲ್ಲಿ ಒತ್ತಿದ್ರೆ ಸಾಕು. ನಿಮ್ಮ ಕೈಗೆ ಯಾವುದು ಹೊಂದುತ್ತೋ ನೋಡಿ” ಎಂದ.

“ನಂದು ಹಿಟ್ಟು ನಾದೋ ಕೈ ಸ್ವಾಮಿ. ಕೊಡಲಿ ಹಿಡಿಯೋಳು ಇವಳು” ಎಂದ ಬೇಕರಿಯವನು.

ಅಂಗಡಿಯವನು ಮೈ ಪೂರ್ತಿ ಅವಳ ಕಡೆಗೆ ತಿರುಗಿಸಿದ. ಬೇಕರಿಯ ಒಲೆ ಸೌದೆಯದು. ಮದುವೆಯಾದಾಗಿನಿಂದ ಒಳಗಿನ ಕೆಲಸ ಅವನದು, ಹಿತ್ತಲು ಅವಳದು. ಈಗ ಅವಳ ಬಲಭುಜ ಕೈಕೊಟ್ಟಿತ್ತು. ಇನ್ನು ಕೊಡಲಿ ಮುಟ್ಟಿದರೆ ತೋಳೆತ್ತುವ ಆಸೆಯನ್ನೇ ಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಒಡೆದ ಸೌದೆಯನ್ನೇ ತರಿಸೋಣವೆಂದರೆ ಅವಳು ಒಪ್ಪಿರಲಿಲ್ಲ. ಹಸಿಯೋ ಒಣಗಿದ್ದೋ ನೋಡದೆ ತುಂಬಿ ಕಳಿಸುತ್ತಾರೆ ಎಂಬುದು ಅವಳ ತಕರಾರು.

ಅವಳು ಮಷೀನುಗಳನ್ನು ಮುಟ್ಟಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ಒಂದು ಕೊರಡನ್ನು ಕಾಲಿನಿಂದ ಉರುಳಿಸಿಕೊಂಡು ಬಂದಳು. “ಇದನ್ನ ಒಡೆದು ತೋರಿಸಿ.”

“ಅದು ಬೇಡಮ್ಮಾ, ಮೈಯೆಲ್ಲ ಗಂಟು.”

“ನಮ್ಮನೆಗೆ ಬರೋದೆಲ್ಲ ಇದರ ಅಣ್ಣತಮ್ಮಂದಿರೇ.”

ಪೆಟ್ರೋಲಿನದು ಅಂಗಳ ನಡುಗುವಂತೆ ಗುಡುಗಿ, ಕೊರಡಿನಿಂದ ಒಂದು ಹೋಳನ್ನು ಸಿಗಿದು ಹಾಕಿತು. “ಈ ಸದ್ದಿಗೆ ನಮ್ಮ ಅಕ್ಕಪಕ್ಕದವರು ಬೀದಿಗೆ ಬಂದು ನಿಲ್ತಾರೆ” ಎಂದು ಅವಳು ಅದನ್ನು ಅಲ್ಲಿಗೇ ಕೈಬಿಟ್ಟಳು. ಜಾಕಿಯದನ್ನು ಎಡಗೈಯಲ್ಲೇ ಒತ್ತಿ ನೋಡಿದಳು. ಕೊರಡು ಮುಲುಗಿತೇ ಹೊರತು ಬಿರಿಯಲಿಲ್ಲ. ಅವಳ ಹಣೆಯಲ್ಲಿ ಬೆವರೊಡೆಯಿತು. ಕರೆಂಟಿನದರ ಬೆಣೆ ಮೆತ್ತಗೆ ಗುಂಯ್‌ಗುಟ್ಟುತ್ತ ಮುಂದೆ ಬಂದು, ಗಂಟಿಗೆ ತಾಗಿ ನಿಂತೇಬಿಟ್ಟಿತು. ಅಂಗಡಿಯವನ ಮುಖ ಸಣ್ಣದಾಯಿತು. ಅವಳು ಕರೆಂಟು ನಿಲ್ಲಿಸಲು ಹೇಳಿ, ಕೊರಡನ್ನು ತಿರುವುಮುರುವು ಮಾಡಿ ಇಟ್ಟಳು. ಈ ಸಲ ಬೆಣೆ ಗಂಟಿನ ಪಕ್ಕಕ್ಕೆ ಜಾರಿ ಒಳಗಿಳಿಯಿತು. ಲಟಕ್ ಎಂದು ಕೊರಡು ಎರಡಾಯಿತು. ಒಳಗಿನ ಹಸನಾದ ಕೆಂಪು ಮರವನ್ನು ಸವರಿ ನೋಡಿ, “ಇದೇ ಇರಲಿ ಕಣ್ರೀ” ಎಂದಳು.

ಬೇಕರಿಯವನು ಮಷೀನಿನ ಕಡೆ ಕಿವಿ ಬಾಗಿಸಿ ಹುಬ್ಬು ಗಂಟಿಕ್ಕಿದ.

“ಯಾಕ್ರೀ, ಮುಖ ಹೀಗೆ?”

“ಸದ್ದೇ ಇಲ್ವಲ್ಲೇ ಇದರಲ್ಲಿ.”

“ಸದ್ದು ತಗೊಂಡು ಏನ್ ಮಾಡ್ತೀರಿ?”

ಅವನು ಹಿಂದಲೆ ಕೆರೆದುಕೊಂಡ. ಅಂಗಡಿಯವನ ಎದುರಿಗೆ ಹೇಳುವ ಮಾತಲ್ಲ ಅದು. ಆದರೂ ಬಾಯಿಗೆ ಬಂದುಬಿಟ್ಟಿತು. “ನೀನು ಯಾವತ್ತು ಬಾಯಿಬಿಟ್ಟು ಹೇಳಿದ್ದೀಯ? ಹಿತ್ತಲಲ್ಲಿ ಏಟು ಒಂದೇ ಹದದಲ್ಲಿ ಬೀಳ್ತಿದ್ರೆ ಎಲ್ಲ ಸರಿಯಿದೆ ಅಂತ. ದಡದಡ ಬಿದ್ರೆ ನನ್ನ ಮೇಲೆ ಸಿಟ್ಟು. ನಡುವೆ ನಿಂತು ನಿಂತು ಬಿದ್ರೆ ತವರಿನವರ ಯೋಚನೆ. ನಾನು ಒಳಗೆ ಹಿಟ್ಟು ನಾದ್ತಾ ಅದನ್ನೇ ಕೇಳ್ತಿರ್ತೀನಿ. ದಡದಡ ಅಂದ ದಿನ ಕಾಫಿ ತಂದು ಮೆಟ್ಟಿಲ ಮೇಲೆ ಇಟ್ಟು ಹೋಗ್ತಿರಲಿಲ್ವಾ?”

“ಬಾಯಾರಿರುತ್ತೆ ಅಂತ ತಂದಿಡ್ತೀರಿ ಅಂದ್ಕೊಂಡಿದ್ದೆ.”

“ಕೈಗೆ ಕೊಡೋಕೆ ಧೈರ್ಯ ಬೇಕಲ್ಲ. ಕೊಡಲಿ ನಿನ್ನ ಹತ್ತಿರ ಇರ್ತಿತ್ತು.”

ಅವಳು ಭುಜ ಹಿಡಿದುಕೊಂಡೇ ನಕ್ಕಳು. ಅಂಗಡಿಯವನು ಸ್ವಚ್ಛವಾಗಿದ್ದ ಮಷೀನನ್ನೇ ಮತ್ತೆ ಮತ್ತೆ ಒರೆಸುತ್ತ ನಿಂತಿದ್ದ.

ಮಷೀನು ಮನೆಗೆ ಬಂದ ಮಾರನೆಯ ಬೆಳಿಗ್ಗೆ ಬೇಕರಿಯವನು ಎಂದಿನಂತೆ ಹಿಟ್ಟಿಗೆ ಕೈಹಾಕಿದ. ಹಿತ್ತಲಿನಿಂದ ಜೇನುಹುಳು ಗುಂಯ್‌ಗುಟ್ಟಿದಂತೆ ಒಂದು ಸದ್ದು, ಆಗಾಗ ಒಂದು ಲಟಕ್. ಅದರಿಂದ ಏನೂ ತಿಳಿಯಲಿಲ್ಲ. ಅರ್ಧ ದಿನ ಹಿಡಿಯುತ್ತಿದ್ದ ಕೆಲಸ ಒಲೆ ಕಾಯುವಷ್ಟರಲ್ಲಿ ಮುಗಿದುಹೋಯಿತು. ಅವಳು ಸೆರಗಿನಿಂದ ಪುಡಿ ಕೊಡವಿಕೊಂಡು ಒಳಗೆ ಬಂದು, ಅವನ ಎದುರಿಗೆ ಮೈದಾ ಮೂಟೆಯ ಮೇಲೆ ಕೂತಳು. ಆ ಹೊತ್ತಿನಲ್ಲಿ ಅವಳನ್ನು ಆ ಕೋಣೆಯಲ್ಲಿ ಅವನು ಎಂದೂ ಕಂಡಿರಲಿಲ್ಲ.

“ಮೊನ್ನೆ ನಿಮ್ಮಕ್ಕ ಬಂದಾಗ ನೀವು, ಎಳ್ಳಿನ ಬ್ರೆಡ್ಡು ನನ್ನ ಐಡಿಯಾ ಅಂದ್ರಲ್ಲ” ಎಂದಳು. ದನಿ ಏರಿಸಲಿಲ್ಲ. “ಅದು ನಂದು. ಮೂರು ಸಲ ಸುಟ್ಟು ಕರಿಕು ಮಾಡಿ, ನಾಲ್ಕನೇ ಸಲ ಹದ ಹಿಡಿದವಳು ನಾನು. ನನಗೆ ಬೇಜಾರಾಯ್ತು.”

ಅವನ ಕೈ ಹಿಟ್ಟಿನಲ್ಲೇ ನಿಂತಿತು. “ಹೌದು, ನಿಂದೇ. ಅಕ್ಕನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ” ಎಂದ. ಕೈಯ ಹಿಟ್ಟು ಉಜ್ಜಿಕೊಳ್ಳುತ್ತ, “ಇನ್ನೇನಾದ್ರೂ ಇದೆಯಾ?” ಎಂದು ಕೇಳಿದ.

ಇತ್ತು. ಅವಳದು ಮುಗಿಯಿತು ಎನ್ನುವಷ್ಟರಲ್ಲಿ ಅವನದೂ ಒಂದೆರಡು ಹೊರಟವು. ಒಂದಕ್ಕೆ ಅವಳು ಮುಖ ಊದಿಸಿಕೊಂಡಳು, ಇನ್ನೊಂದಕ್ಕೆ ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮಾತಿನಲ್ಲಿ ತಡವಾಗಿ, ಬ್ರೆಡ್ಡಿನ ಅಚ್ಚುಗಳನ್ನು ಒಲೆಗೆ ತಳ್ಳುವ ಹೊತ್ತಿಗೆ ಹಿಟ್ಟು ಅಂಚು ಮೀರಿ ತಲೆಯೆತ್ತಿತ್ತು.

ಬಾಗಿಲು ತೆರೆದಾಗ ಮೊದಲು ಬಂದವರು ಎದುರು ಮನೆಯ ಟೈಲರ್. ಬ್ರೆಡ್ಡನ್ನು ಚೀಲಕ್ಕೆ ತುರುಕಲು ನೋಡಿದರು, ಹಿಡಿಸಲಿಲ್ಲ. “ಏನಪ್ಪಾ ಇದು, ಇವತ್ತು ಇಷ್ಟೊಂದು ಉಬ್ಬಿದೆ?”

ಬೇಕರಿಯವನು ಹೆಂಡತಿಯ ಕಡೆ ನೋಡಿದ.

“ನಮ್ಮ ಮಾತು ಕೇಳ್ತಾ ಕೂತುಬಿಡ್ತು” ಎಂದಳು ಅವಳು.