ನೀಲಿ ಅಲಗು

ಭುಜ ಸೋತ ಮೇಲೆ ಮೌನೇಶಾಚಾರಿಗೆ ಸುತ್ತಿಗೆ ಎತ್ತಲು ಆಗಲಿಲ್ಲ. ಚಾಕು ಮಾಡುವ ಕಸುಬು ಬಿಡಲು ಮನಸ್ಸು ಒಪ್ಪದೆ ಗುಜರಿಯ ವಾಷಿಂಗ್ ಮಷೀನಿನ ಮೋಟಾರು, ಜಾಲಿ ಮರದ ಗಾಲಿ, ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗು ಜೋಡಿಸಿ, ಮೂರು ತಿಂಗಳು ಕೂತು, ಅಲಗು ಮಸೆಯುವ ಬೆಲ್ಟಿನ ಯಂತ್ರ ಕಟ್ಟಿದ.

“ಅರಿವಿ ಒಗಿಯೂ ಮೋಟಾರು ಚಾಕು ಮಸಿತೈತೇನ್ರಿ?” ಸಕ್ಕರೆ ಕಾಯಿಲೆಯ ಗಂಡನಿಗೆ ಸಕ್ಕರೆಯಿಲ್ಲದ ಚಹಾ ತಂದ ಹೆಂಡತಿ ಕಾಳವ್ವ ನಕ್ಕಳು.

“ಯಾಕ ಮಸಿಯಂಗಿಲ್ಲ? ಆದ್ರ ಅಲಗು ಭಾಳ ಕಾಯಬಾರ್ದು. ಕಾದು ನೀಲಿ ಆತಂದ್ರ ಹದಾ ಹೋತು, ಬದನಿಕಾಯಿನೂ ಕೊಯ್ಯಂಗಿಲ್ಲ. ಬೆರಳಿಗೆ ಬಿಸಿ ಹತ್ತಿದ ಕೂಡ್ಲೇ ನೀರಾಗ ಅದ್ದಬೇಕು. ನಲವತ್ತು ವರ್ಷ ಬೆರಳನ್ನ ನಂಬೇನಿ.”

ಭುಜ ಚೆನ್ನಾಗಿದ್ದಾಗ ಬಡಿದಿಟ್ಟ ಅಲಗು ಮೂರೇ ಉಳಿದಿದ್ದವು. ಮೊದಲನೆಯದು ನೀಲಿಯಾಯಿತು. ಮೋಟಾರಿನ ವೇಗ ತಗ್ಗಿಸಿದ. ಎರಡನೆಯದೂ ನೀಲಿಯಾಯಿತು. ಕೊನೆಯದನ್ನು ದೇವರ ಹೆಸರು ಹೇಳಿ ಮೆಲ್ಲಗೆ ಬೆಲ್ಟಿಗೆ ಒತ್ತಿದ.

“ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ.”

“ಬೆಲ್ಟು ಹೊಸಾದು, ಅದಕ್ಕ.”

ಅದೂ ನೀಲಿಯಾಯಿತು. ಅವನು ಯಂತ್ರ ನಿಲ್ಲಿಸಿ ಅಲಗನ್ನು ಪಕ್ಕಕ್ಕಿಟ್ಟ.

“ಬೆರಳಿಗೆ ಒಂಚೂರೂ ಬಿಸಿ ಹತ್ತಲಿಲ್ಲಲೇ ಕಾಳಿ. ಈ ಯಂತ್ರದಾಗ ಏನೋ ಐಬೈತಿ.”

ಕಾಳವ್ವ ಅವನ ಅಂಗೈ ತಿರುಗಿಸಿದಳು. ಹೆಬ್ಬೆರಳು, ತೋರುಬೆರಳು ಎರಡರ ತುದಿಯಲ್ಲೂ ದ್ರಾಕ್ಷಿಯಷ್ಟು ದಪ್ಪ ಬೊಬ್ಬೆ ಎದ್ದಿದ್ದವು.